ಸುಣ್ಣದ ಕೆಳಗಿದ್ದ ಹನ್ನೊಂದು ಜನ

ಬೇಸಿಗೆ ರಜೆಗೆ ಮ್ಯೂನಿಕ್ ಕಡೆಯಿಂದ ಸಮುದ್ರ ನೋಡೋಕೆ ಹೊರಡುವ ನಮ್ಮವರೆಲ್ಲ ಸಾಮಾನ್ಯವಾಗಿ ಒಂದೇ ದಾರಿ ಹಿಡಿಯೋದು. ಆಸ್ಟ್ರಿಯಾ ದಾಟಿ, ಸುರಂಗ ದಾಟಿ, ಲ್ಯುಬ್ಲ್ಯಾನಾ ಪಕ್ಕದಲ್ಲೇ ಹಾದು, ಅಲ್ಲಿಂದ ಕ್ರೊಯೇಷಿಯಾದ ಇಸ್ತ್ರಿಯಾ ಬೀಚುಗಳಿಗೆ. ನೀವೂ ಹೋಗಿರ್ತೀರಿ. ಸ್ಲೊವೇನಿಯಾ ಮುಗಿಯೋಕೆ ಸ್ವಲ್ಪ ಮೊದಲು ಒಂದು ಭಾರೀ ಸೇತುವೆ ಬರುತ್ತೆ, ನೆನಪಿದೆಯಾ? ಚೆರ್ನಿ ಕಾಲ್ ಸೇತುವೆ. 2004ರಲ್ಲಿ ತೆರೆದದ್ದು, ಉದ್ದ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿವರೆಗೂ ಸುಣ್ಣದ ಕಲ್ಲಿನ ಒಣ ಬಯಲು. ಇದ್ದಕ್ಕಿದ್ದಂತೆ ನೆಲ ಕೆಳಗೆ ಕುಸಿದು, ದೂರದಲ್ಲಿ ಸಮುದ್ರ ಮಿನುಗುತ್ತೆ. ಹಿಂದೆ ಕೂತ ಮಕ್ಕಳು ಕೂಗ್ತಾರೆ, ನಾವು ಖುಷಿಯಲ್ಲಿ ಇನ್ನಷ್ಟು ಜೋರಾಗಿ ಗಾಡಿ ಓಡಿಸ್ತೀವಿ. ನಾನೂ ನಾಲ್ಕು ಸಲ ಹಾಗೇ ಓಡಿಸಿದ್ದೆ.

ಐದನೇ ಸಲ ಅಲ್ಲಿ ಹೆದ್ದಾರಿ ಬಿಟ್ಟು ಕೆಳಗಿಳಿದೆ. ಹತ್ತು ಹದಿನೈದು ನಿಮಿಷದ ದಾರಿ. ಸಿಕ್ಕಿದ್ದು ಹ್ರಸ್ತೋವ್ಲ್ಯೆ ಅನ್ನೋ ಊರು. ಹೇಳೋಕೆ ನಾಲಿಗೆ ತೊಡರುತ್ತೆ. ‘ಹ್ರಸ್ತ್’ ಅಂದ್ರೆ ಅವರ ಭಾಷೆಯಲ್ಲಿ ಓಕ್ ಮರ. ನಮ್ಮಲ್ಲಿ ಆಲೂರು, ಹುಣಸೂರು ಇದ್ದ ಹಾಗೆ ಅಂದುಕೊಳ್ಳಿ. ಜನಸಂಖ್ಯೆ ನೂರೈವತ್ತರ ಆಸುಪಾಸು. ಕಲ್ಲಿನ ಮನೆಗಳು, ದ್ರಾಕ್ಷಿ ಬಳ್ಳಿ, ಆಲಿವ್ ಮರ, ಒಂದು ರೈಲು ನಿಲ್ದಾಣ. ಊರಿನ ಪಕ್ಕದ ದಿಬ್ಬದ ಮೇಲೆ ಕೋಟೆ ಥರದ ಒಂದು ಗೋಡೆ, ಅದರೊಳಗಿಂದ ತಲೆ ಹಾಕಿ ನೋಡ್ತಿರೋ ಒಂದು ಗಂಟೆ ಗೋಪುರ.

ಎಪಿಸೋಡಿನಲ್ಲಿ ಈ ಊರಿನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗಿದ್ದೆ. ಅದಕ್ಕಷ್ಟೇ ಬಿಡೋ ಊರಲ್ಲ ಇದು ಅಂತ ಆಮೇಲೆ ಅನ್ನಿಸ್ತು. ಇನ್ನೂ ಒಂದು ವಿಷಯ ಅಲ್ಲಿ ಹೇಳಿರಲಿಲ್ಲ. ಆವತ್ತು ಕಾರಿನಲ್ಲಿ ಅಮ್ಮ ಇದ್ದರು. ಅಪ್ಪ ಹೋಗಿ ಹತ್ತು ತಿಂಗಳಾಗಿತ್ತು. ಅಮ್ಮ ಒಬ್ಬರೇ ವಿಮಾನ ಹತ್ತಿ ಬಂದದ್ದು ಅದೇ ಮೊದಲು. ಈ ಊರಿನ ಚರ್ಚು ಯಾವುದಕ್ಕೆ ಹೆಸರುವಾಸಿ ಅಂತ ನನಗೆ ಗೊತ್ತಿತ್ತು. ಸಾವಿನ ಚಿತ್ರಕ್ಕೆ. ಕರಕೊಂಡು ಹೋಗೋದಾ ಬೇಡವಾ ಅಂತ ಲ್ಯುಬ್ಲ್ಯಾನಾದಿಂದಲೇ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ, ಒಂದು ಹಳೇ ಚರ್ಚು ಇದೆ, ನೋಡಿ ಹೋಗೋಣ ಅಂತ ಮಾತ್ರ ಹೇಳಿದೆ.

ಚರ್ಚಿಗೆ ಹೋಗೋ ಮುಂಚೆ ನೆಲದ ಬಗ್ಗೆ ಸ್ವಲ್ಪ ಹೇಳಬೇಕು. ಮೇಲಿರುವ ಆ ಸುಣ್ಣದ ಕಲ್ಲಿನ ಬಯಲಿಗೆ ಸ್ಲೊವೀನ್ ಭಾಷೆಯಲ್ಲಿ ಕ್ರಾಸ್ ಅಂತಾರೆ, ಜರ್ಮನ್ನಿನಲ್ಲಿ ಕಾರ್ಸ್ಟ್. ನೀರು ಇಂಗಿ ಇಂಗಿ ಒಳಗೆ ಗುಹೆ ಕೊರೆಯುವ ನೆಲಕ್ಕೆ ಭೂವಿಜ್ಞಾನಿಗಳು ಜಗತ್ತಿನಾದ್ಯಂತ ಕಾರ್ಸ್ಟ್ ಅಂತಲೇ ಕರೆಯೋದು; ಆ ಹೆಸರು ಹೋದದ್ದು ಇಲ್ಲಿಂದ. ಬಯಲಿನ ಅಂಚು ಬೆಳ್ಳನೆ ಬಂಡೆಯ ಗೋಡೆ ಥರ ನಿಂತಿದೆ. ಮೇಲೆ ಇಂಗಿದ ನೀರು ಕೆಳಗೆ ಬುಗ್ಗೆಯಾಗಿ ಎದ್ದು ರಿಝಾನಾ ನದಿಯಾಗುತ್ತೆ, ಕೋಪರ್ ಪಟ್ಟಣದ ಹತ್ತಿರ ಸಮುದ್ರ ಸೇರುತ್ತೆ. ಇಡೀ ಹೊಳೆಯೇ ಹದಿನಾಲ್ಕು ಕಿಲೋಮೀಟರ್ ಇದ್ದರೆ ಹೆಚ್ಚು. ನಮ್ಮ ಹೇಮಾವತಿ ನೋಡಿದವರು ಇದನ್ನ ಹಳ್ಳ ಅಂತಾರೆ.

ಆದರೆ ಈ ಹಳ್ಳದ ದಡದಲ್ಲಿ 804ರಲ್ಲಿ ಒಂದು ದೊಡ್ಡ ಪಂಚಾಯಿತಿ ನಡೆಯಿತು. ನಮ್ಮ ಕಡೆ ರಾಷ್ಟ್ರಕೂಟರ ಕಾಲ ಅದು. ಇಸ್ತ್ರಿಯಾ ಆಗಷ್ಟೇ ಫ್ರಾಂಕ್ ಚಕ್ರವರ್ತಿ ಶಾರ್ಲಮೇನನ ಕೈಗೆ ಬಂದಿತ್ತು. ಅವನು ನೇಮಿಸಿದ ಜಾನ್ ಅನ್ನೋ ಡ್ಯೂಕ್ ಜನರನ್ನು ಹಿಂಡಿ ಹಿಪ್ಪೆ ಮಾಡಿದ್ದ. ಪಟ್ಟಣಗಳ, ಕೋಟೆಗಳ 172 ಪ್ರತಿನಿಧಿಗಳು ಒಟ್ಟಾಗಿ ಚಕ್ರವರ್ತಿಯ ದೂತರ ಎದುರು ದೂರು ಹೇಳಿದರು. ಅದೆಲ್ಲ ದಾಖಲೆಯಾಗಿ ಉಳಿದಿದೆ. ತೆರಿಗೆಯ ಹಣ ತಾನೇ ನುಂಗ್ತಾನೆ, ಬಿಟ್ಟಿ ದುಡಿಸ್ತಾನೆ, ಕಾಡು ಕಸ್ಕೊಂಡ. ಇವೆಲ್ಲ ಯಾವ ಕಾಲದಲ್ಲೂ ಇರೋ ದೂರುಗಳೇ. ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ದೂರು: ನಮ್ಮ ನೆಲಕ್ಕೆ ಹೊರಗಿಂದ ಸ್ಲಾವ್ ಜನರನ್ನು ತಂದು ಕೂರಿಸಿದ್ದಾನೆ, ಅವರು ನಾವು ಉಳುವ ಹೊಲ ಉಳ್ತಾರೆ, ನಮ್ಮ ಹುಲ್ಲುಗಾವಲಲ್ಲಿ ಮೇಯಿಸ್ತಾರೆ, ಅವರನ್ನು ಹೊರಗೆ ಹಾಕಿಸಿ. ಡ್ಯೂಕ್ ತಪ್ಪೊಪ್ಪಿಕೊಂಡ. ಸ್ಲಾವರಿಂದ ತೊಂದರೆ ಆಗೋ ಕಡೆ ಅವರನ್ನ ಎಬ್ಬಿಸ್ತೀನಿ, ಯಾರಿಗೂ ತೊಂದರೆಯಾಗದ ಪಾಳು ಜಾಗದಲ್ಲಿ ಇರೋಕೆ ಬಿಡ್ತೀನಿ ಅಂತ ಮಾತು ಕೊಟ್ಟ.

ಹನ್ನೆರಡು ಶತಮಾನ ಕಳೆದಿದೆ. ಆ ಪಾಳು ಜಾಗಗಳು ಈಗ ಹಳ್ಳಿಗಳು. ಹ್ರಸ್ತೋವ್ಲ್ಯೆಯಲ್ಲಿ, ಅದರ ಅಕ್ಕಪಕ್ಕದಲ್ಲಿ ಜನ ಮಾತಾಡೋದು ಸ್ಲಾವ್ ಭಾಷೆಯನ್ನೇ, ಆವತ್ತು ‘ಹೊರಗಿನವರು’ ಅನ್ನಿಸಿಕೊಂಡವರ ಭಾಷೆಯನ್ನ. ವೀಸಾ ಕಚೇರಿಯ ಸಾಲಿನಲ್ಲಿ ಬೆಳಗಿನ ಜಾವ ನಿಂತು ಗೊತ್ತಿರೋ ನಮ್ಮಂಥವರಿಗೆ ಈ ದಾಖಲೆ ಓದುವಾಗ ಒಂಥರಾ ಆಗುತ್ತೆ. ಹೆಚ್ಚು ಹೇಳೋದಿಲ್ಲ.

ಈಗ ಗೋಡೆ. ಚರ್ಚು ಕಟ್ಟಿದ್ದು ಮಧ್ಯಯುಗದಲ್ಲಿ, ಸುತ್ತಲಿನ ಗೋಡೆ ಬಂದದ್ದು 16ನೇ ಶತಮಾನದಲ್ಲಿ. 15ನೇ ಶತಮಾನದ ಕೊನೆಯ ದಶಕಗಳಿಂದ ಆಟೋಮನ್ ಕುದುರೆ ದಂಡುಗಳು ಬಾಸ್ನಿಯಾ ಕಡೆಯಿಂದ ಒಳನುಗ್ಗಿ ಊರು ಸುಟ್ಟು, ಜನ ಮತ್ತು ದನ ಎರಡನ್ನೂ ಹೊಡಕೊಂಡು ಹೋಗ್ತಿದ್ದವು. ದೊಡ್ಡ ಪಟ್ಟಣಕ್ಕೆ ಕೋಟೆ ಇತ್ತು, ಹಳ್ಳಿಗೆ ಏನಿದೆ? ಇದ್ದ ಒಂದೇ ಗಟ್ಟಿ ಕಟ್ಟಡ ಅಂದ್ರೆ ಚರ್ಚು. ಅದರ ಸುತ್ತ ಎತ್ತರದ ಗೋಡೆ ಎಬ್ಬಿಸಿ, ಮೂಲೆಗೆ ಬುರುಜು ಕಟ್ಟಿ, ಗುಡ್ಡದ ಮೇಲೆ ಬೆಂಕಿ ಕಂಡಾಗ ಊರಿಗೆ ಊರೇ ಒಳಗೆ ಸೇರಿಕೊಳ್ಳೋದು. ಇಂಥ ಆಶ್ರಯಕ್ಕೆ ಸ್ಲೊವೀನ್ ಭಾಷೆಯಲ್ಲಿ ‘ತಾಬೊರ್’ ಅಂತಾರೆ. ದೇಶದ ತುಂಬ ಇವು ಇದ್ದವು. ತುರ್ಕರ ಭಯ ಒಂದೇ ಅಲ್ಲ. ಈ ಕಣಿವೆ ವೆನಿಸ್ ಗಣರಾಜ್ಯಕ್ಕೆ ಸೇರಿತ್ತು; ಮೇಲಿನ ಬಯಲು ಹ್ಯಾಬ್ಸ್‌ಬರ್ಗ್ ದೊರೆಗಳದ್ದು. ಗಡಿಯ ಅಂಚಿನ ಹಳ್ಳಿ. 1615ರಿಂದ 1617ರವರೆಗೆ ಆ ಇಬ್ಬರೂ ಕಾದಾಡಿದಾಗ ಸುಟ್ಟದ್ದು ಇಸ್ತ್ರಿಯಾದ ಇಂಥ ಹಳ್ಳಿಗಳೇ.

ಗೋಡೆಯ ಪಕ್ಕ ನಿಂತು ಅಮ್ಮ ಕಲ್ಲು ಮುಟ್ಟಿ ನೋಡಿ, “ಗಾರೆ ಕೆಲಸ ಚೆನ್ನಾಗಿದೆ ಕಣೋ” ಅಂದರು. ಅಮ್ಮನ ತಂದೆ ಮನೆ ಕಟ್ಟಿಸುವ ಮೇಸ್ತ್ರಿ ಆಗಿದ್ದರು, ಹಾಗಾಗಿ ಯಾವ ಅರಮನೆಗೆ ಕರಕೊಂಡು ಹೋದರೂ ಮೊದಲು ನೋಡೋದು ಗಾರೆ.

ಬಾಗಿಲಿಗೆ ಬೀಗ ಇತ್ತು. ಊರಿನ ಒಂದು ಮನೆಯವರ ಹತ್ತಿರ ಬೀಗದ ಕೈ ಇರುತ್ತೆ, ಕರೆದರೆ ಬಂದು ತೆಗೀತಾರೆ. ನಮ್ಮೂರ ಕಡೆ ಹೊಯ್ಸಳರ ಸಣ್ಣ ದೇವಸ್ಥಾನ ನೋಡೋಕೆ ಹೋದಾಗ ಅರ್ಚಕರ ಮನೆ ಹುಡುಕೋ ಥರವೇ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು ಏಪ್ರನ್ನಿನಲ್ಲೇ ಬಂದರು, ಬಾಗಿಲು ತೆಗೆದರು, ಟಿಕೆಟ್ ಹರಿದು ಕೊಟ್ಟರು.

ಹೊರಗಿನಿಂದ ಬರೀ ಬೂದು ಕಲ್ಲು, ಮಾಡಿಗೂ ಕಲ್ಲಿನ ಚಪ್ಪಡಿ. ಒಳಗೆ ಕಾಲಿಟ್ಟರೆ ಒಂದು ಅಂಗೈಯಗಲ ಜಾಗ ಖಾಲಿ ಇಲ್ಲ ಅನ್ನೋ ಹಾಗೆ ಚಿತ್ರ. ಪುಟ್ಟ ಕಟ್ಟಡ, ಎರಡು ಸಾಲು ಕಂಬ, ಮೇಲೆ ಅರ್ಧ ಪೀಪಾಯಿಯ ಹಾಗೆ ಬಾಗಿದ ಚಾವಣಿ. ನಡುಚಾವಣಿಯಲ್ಲಿ ಸೃಷ್ಟಿಯ ಕತೆ: ದೇವರು ಬೆಳಕು ಮಾಡಿದ್ದು, ಆದಮ ಹವ್ವರನ್ನು ಮಾಡಿದ್ದು, ಅವರು ತೋಟದಿಂದ ಆಚೆ ಬಿದ್ದದ್ದು, ಕಾಯಿನ ತಮ್ಮನನ್ನು ಕೊಂದದ್ದು. ಪಕ್ಕದ ಚಾವಣಿಗಳಲ್ಲಿ ಹನ್ನೆರಡು ತಿಂಗಳ ಪಂಚಾಂಗ, ತಿಂಗಳಿಗೊಂದು ಚಿತ್ರ. ಉತ್ತರದ ಗೋಡೆಯಲ್ಲಿ ಮೂರು ರಾಜರು ಪರಿವಾರ ಸಮೇತ ಕೂಸು ಯೇಸುವನ್ನು ನೋಡೋಕೆ ಹೊರಟಿದ್ದಾರೆ. ಓದು ಬಾರದ ರೈತ ಭಾನುವಾರ ಬಂದು ಕೂತರೆ, ಪಾದ್ರಿ ಲ್ಯಾಟಿನ್‌ನಲ್ಲಿ ಏನಾದರೂ ಹೇಳಿಕೊಳ್ಳಲಿ, ಇವನಿಗೆ ತಲೆ ಎತ್ತಿದರೆ ಸಾಕು.

ಇದನ್ನೆಲ್ಲ ಬರೆದು ಮುಗಿಸಿದ್ದು 1490ರಲ್ಲಿ. ಬರೆದವನು ಕಾಸ್ತಾವ್ ಊರಿನ ಯೋಹಾನ್ನೆಸ್, ಸ್ಲೊವೀನರ ಬಾಯಲ್ಲಿ ಯಾನೆಝ್. ಕಾಸ್ತಾವ್ ಈಗ ಕ್ರೊಯೇಷಿಯಾದಲ್ಲಿ, ರಿಯೇಕಾ ಬಂದರಿನ ಮೇಲಿನ ಗುಡ್ಡದಲ್ಲಿದೆ. ಬರೆಸಿದವನು ಪಕ್ಕದ ಕುಬೆದ್ ಊರಿನ ಪಾದ್ರಿ. ಯೋಹಾನ್ನೆಸ್ ದೊಡ್ಡ ಕಲಾವಿದನೇನಲ್ಲ; ಅದೇ ಸುಮಾರಿಗೆ ಇಟಲಿಯಲ್ಲಿ ಲಿಯೊನಾರ್ಡೊ ಕೆಲಸ ಮಾಡ್ತಿದ್ದ ಅನ್ನೋದನ್ನ ನೆನೆಸಿಕೊಂಡರೆ ಇವನ ಕೈ ಗಡುಸು, ಮುಖಗಳು ಒಂದೇ ಅಚ್ಚಿನವು. ಆ ಕಾಲದ ಇಸ್ತ್ರಿಯಾದ ಚಿತ್ರಕಾರರು ಉತ್ತರ ಯುರೋಪಿನಿಂದ ಬರ್ತಿದ್ದ ಅಚ್ಚಿನ ಹಾಳೆಗಳನ್ನ ಎದುರಿಗಿಟ್ಟುಕೊಂಡು ನಕಲು ಮಾಡ್ತಿದ್ದರು. ಆದರೂ ಬಜಾರಿನ ಚಿತ್ರಪಟಕ್ಕಿರುವ ಒಂದು ಜೀವ ಇವನ ಗೆರೆಯಲ್ಲಿದೆ. ದೂರದಿಂದಲೇ ಯಾರು ಯಾರು ಅಂತ ಗೊತ್ತಾಗುತ್ತೆ.

ಗೋಡೆಯ ಬರಹಗಳಲ್ಲಿ ಎರಡು ಲಿಪಿ ಇದೆ. ಒಂದು ಲ್ಯಾಟಿನ್. ಇನ್ನೊಂದು ಗ್ಲಾಗೊಲಿಟಿಕ್: ಸುರುಳಿ, ತ್ರಿಕೋನ, ಎರಡು ಕಣ್ಣಿನ ಥರದ ಅಕ್ಷರಗಳು. ಅಮ್ಮ ಅದನ್ನು ನೋಡಿ ಇದು ರಂಗೋಲಿಯಾ ಅಂತ ಕೇಳಿದರು. 9ನೇ ಶತಮಾನದಲ್ಲಿ ಸ್ಲಾವ್ ಭಾಷೆಗೇ ಅಂತ ಕಟ್ಟಿದ ಲಿಪಿ ಅದು. ಪಶ್ಚಿಮ ಯುರೋಪಿನಲ್ಲಿ ಪೂಜೆ ಅಂದರೆ ಲ್ಯಾಟಿನ್ ಅನ್ನೋ ಕಾಲದಲ್ಲಿ, ಇಸ್ತ್ರಿಯಾ ಮತ್ತು ಕ್ರೊಯೇಷಿಯಾ ಕರಾವಳಿಯ ಬಡ ಪಾದ್ರಿಗಳು ಹಠ ಹಿಡಿದು ಸ್ಲಾವ್ ಭಾಷೆಯಲ್ಲೇ ಪೂಜೆ ಮಾಡ್ತಿದ್ದರು, ಈ ಲಿಪಿಯಲ್ಲೇ ಬರೀತಿದ್ದರು. ಹ್ರಸ್ತೋವ್ಲ್ಯೆಯ ಚಿತ್ರ ಮುಗಿಯೋ ಏಳು ವರ್ಷ ಮೊದಲು, 1483ರಲ್ಲಿ, ಪೂಜೆಯ ಪುಸ್ತಕವೊಂದು ಈ ಲಿಪಿಯಲ್ಲಿ ಅಚ್ಚಾಗಿಯೂ ಹೋಗಿತ್ತು. ಗುಟೆನ್‌ಬರ್ಗ್ ಅಚ್ಚು ಶುರುಮಾಡಿ ಇನ್ನೂ ಮೂವತ್ತು ವರ್ಷ ಆಗಿತ್ತಷ್ಟೆ. 804ರಲ್ಲಿ ಎಬ್ಬಿಸಿ ಅಂತ ದೂರು ಹೇಳಿಸಿಕೊಂಡವರ ವಂಶದವರು, ಏಳು ಶತಮಾನ ಆಗೋ ಹೊತ್ತಿಗೆ ಗೋಡೆಯ ಮೇಲೆ ತಮ್ಮ ಲಿಪಿಯನ್ನ ಲ್ಯಾಟಿನ್ ಪಕ್ಕಕ್ಕೇ ಬರೆದುಕೊಂಡಿದ್ದರು.

ಇನ್ನು ದಕ್ಷಿಣದ ಗೋಡೆ. ಮೇಲೆ ಯೇಸುವಿನ ಯಾತನೆಯ ಕತೆ, ಅದರ ಕೆಳಗೆ ನಮ್ಮ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಒಂದು ಮೆರವಣಿಗೆ. ಒಂದು ತುದಿಯಲ್ಲಿ ಕಲ್ಲಿನ ಪೀಠದ ಮೇಲೆ ಒಂದು ಅಸ್ಥಿಪಂಜರ ಕೂತಿದೆ, ದೊರೆ ಕೂತ ಹಾಗೆ. ಎದುರಿಗೆ ಬಾಯಿ ತೆರೆದ ಗೋರಿ. ಗುದ್ದಲಿ ಸನಿಕೆ ಸಿದ್ಧ. ಅದರ ಕಡೆ ಹನ್ನೊಂದು ಮನುಷ್ಯರು ನಡೀತಿದ್ದಾರೆ. ಒಬ್ಬೊಬ್ಬರ ಕೈಯನ್ನು ಒಂದೊಂದು ಅಸ್ಥಿಪಂಜರ ಹಿಡಕೊಂಡಿದೆ. ಎಳೀತಿಲ್ಲ, ದಬ್ಬುತಿಲ್ಲ. ಮದುವೆ ಮನೆಯಲ್ಲಿ ಹಿರಿಯರನ್ನ ಕೈಹಿಡಿದು ಊಟಕ್ಕೆ ಕರಕೊಂಡು ಹೋಗೋ ಹಾಗೆ. ಎಲ್ಲರಿಗಿಂತ ಮುಂದೆ ಪೋಪ್, ಅವನ ಹಿಂದೆ ರಾಜ, ರಾಣಿ, ಕಾರ್ಡಿನಲ್, ಬಿಷಪ್. ಆಮೇಲೆ ಸನ್ಯಾಸಿ, ದುಡ್ಡಿನ ಸಾಹುಕಾರ, ಸೊಗಸುಗಾರ ಹುಡುಗ, ಊರುಗೋಲಿನ ಕುಂಟ ಭಿಕ್ಷುಕ. ಕಟ್ಟಕಡೆಗೆ ತೊಟ್ಟಿಲಿಂದ ಎದ್ದ ಒಂದು ಕೂಸು.

ನಾನು ಅಮ್ಮನ ಮುಖವನ್ನೇ ನೋಡ್ತಿದ್ದೆ. ಅವರು ಸಾಲನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡ್ಕೊಂಡು ಬಂದು, ಸಾಹುಕಾರನ ಹತ್ತಿರ ನಿಂತು, ಸಣ್ಣಗೆ ನಕ್ಕರು. “ನೋಡೋ ಇಲ್ಲಿ, ಯಮನಿಗೂ ಲಂಚ ಕೊಡೋಕೆ ಹೊರಟಿದಾನೆ!”

ಹೌದು. ಅವನ ಕೈ ಹಣದ ಚೀಲದಲ್ಲಿದೆ. ಪುಸ್ತಕಗಳಲ್ಲೂ ಹಾಗೇ ಬರೆದಿದ್ದಾರೆ, ನಾನು ಅದನ್ನ ಮೊದಲೇ ಓದಿದ್ದೆ. ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಕಾಸ್ತಾವಿನ ಯೋಹಾನ್ನೆಸ್ ಬರೆದದ್ದು ಇಂಥ ಕಣ್ಣಿಗೇ. ಐದು ಶತಮಾನ, ಏಳು ಸಾವಿರ ಕಿಲೋಮೀಟರ್, ಬೇರೆ ದೇವರು, ಬೇರೆ ಭಾಷೆ. ಆ ಚೀಲದ ಗೆರೆ ಮಾತ್ರ ನೇರ ಬಂದು ಮುಟ್ಟಿತು.

ಕೂಸಿನ ಮುಂದೆ ಅಮ್ಮ ಹೆಚ್ಚು ಹೊತ್ತು ನಿಂತರು. ಏನೂ ಹೇಳಲಿಲ್ಲ. ನನಗಿಂತ ಮುಂಚೆ ಅವರಿಗೊಂದು ಮಗು ಇತ್ತು ಅನ್ನೋದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರೋ, ಯಾರೂ ಮಾತಾಡದ ವಿಷಯ.

ಈ ಥರದ ಚಿತ್ರಕ್ಕೆ ಯುರೋಪಿನಲ್ಲಿ ‘ಸಾವಿನ ಕುಣಿತ’ ಅಂತಲೇ ಹೆಸರು, ಜರ್ಮನ್ನಿನಲ್ಲಿ ಟೋಟೆನ್‌ಟಾಂಟ್ಸ್. 1348ರ ಮಹಾ ಪ್ಲೇಗ್ ಯುರೋಪಿನ ಮೂರರಲ್ಲೊಂದು ಭಾಗ ಜನರನ್ನಾದರೂ ಕೊಂದಿತು. ಆಮೇಲೂ ಅದು ಹೋಗಲಿಲ್ಲ, ಹತ್ತು ಹದಿನೈದು ವರ್ಷಕ್ಕೊಮ್ಮೆ ತಿರುಗಿ ಬರ್ತಿತ್ತು. ಕೋವಿಡ್ ಕಾಲದಲ್ಲಿ ಮನೆಯವರ ಕೊನೇ ಮುಖ ಫೋನಿನ ಪರದೆಯಲ್ಲಿ ನೋಡಿದ ನಮಗೆ ಈ ಕಲ್ಪನೆ ಹೊಳೆದದ್ದು ಹೇಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪ್ಯಾರಿಸ್ಸಿನ ಒಂದು ಸ್ಮಶಾನದ ಗೋಡೆಯ ಮೇಲೆ 1424-25ರಲ್ಲಿ ಬರೆದದ್ದು ಎಲ್ಲಕ್ಕಿಂತ ಹೆಸರಾಯಿತು. ಅಲ್ಲಿಂದ ಊರೂರಿಗೆ ಹಬ್ಬಿತು. ಬಾಸೆಲ್‌ನಲ್ಲಿ ಬರೆಸಿದರು. ಲ್ಯೂಬೆಕ್‌ನ ಮರಿಯನ್‌ಕಿರ್ಶೆಯಲ್ಲಿ 1463ರಲ್ಲಿ ಬರ್ನ್ಟ್ ನೋಟ್ಕೆ ಬರೆದ. ಇಸ್ತ್ರಿಯಾದಲ್ಲೇ ಬೆರಾಮ್ ಅನ್ನೋ ಊರಿನ ಚಾಪೆಲ್ಲಿನಲ್ಲಿ 1474ರಲ್ಲಿ ಕಾಸ್ತಾವಿನ ಇನ್ನೊಬ್ಬ ಚಿತ್ರಕಾರ ವಿನ್ಸೆಂಟ್ ಬರೆದಿದ್ದ.

ಈಗ ಈ ದೊಡ್ಡ ದೊಡ್ಡ ಊರಿನ ಚಿತ್ರಗಳು ಏನಾದವು ನೋಡಿ. ಪ್ಯಾರಿಸ್ಸಿನ ಗೋಡೆಯನ್ನು 1669ರಲ್ಲಿ ರಸ್ತೆ ಅಗಲ ಮಾಡೋಕೆ ಕೆಡವಿದರು. (ರಸ್ತೆ ಅಗಲೀಕರಣ! ಬೆಂಗಳೂರಿನವರು ಒಂದು ನಿಟ್ಟುಸಿರು ಬಿಡಬಹುದು.) ಬಾಸೆಲ್‌ನ ಗೋಡೆ 1805ರಲ್ಲಿ ಹೋಯಿತು, ಕೆಲವು ಚೂರುಗಳು ಮ್ಯೂಸಿಯಂನಲ್ಲಿವೆ. ಲ್ಯೂಬೆಕ್‌ನದ್ದು ಹಳೇದಾಯ್ತು ಅಂತ 1701ರಲ್ಲಿ ತೆಗೆದು ಹೊಸದಾಗಿ ನಕಲು ಮಾಡಿಸಿದರು. ಆ ನಕಲು 1942ರ ಬಾಂಬ್ ದಾಳಿಯಲ್ಲಿ ಸುಟ್ಟು ಬೂದಿಯಾಯಿತು. ಹೆಸರಾಂತ ಊರು, ಹೆಸರಾಂತ ಕಲಾವಿದ, ನೋಡಿಕೊಳ್ಳೋಕೆ ಶ್ರೀಮಂತ ಸಮಿತಿಗಳು, ಎಲ್ಲ ಇದ್ದವು. ಯಾವುದೂ ಉಳಿಸಲಿಲ್ಲ.

ಉಳಿದವುಗಳಲ್ಲಿ ಎಷ್ಟೋ ಸುಣ್ಣ ಬಳಿಸಿಕೊಂಡು ಕಾಣೆಯಾದವು. ನೀವು ಬರ್ಲಿನ್‌ನಲ್ಲಿದ್ದರೆ ಅಲೆಕ್ಸಾಂಡರ್‌ಪ್ಲಾಟ್ಸ್ ಹತ್ತಿರದ ಮರಿಯನ್‌ಕಿರ್ಶೆಗೆ ಒಮ್ಮೆ ಹೋಗಿ. ಟಿವಿ ಗೋಪುರದ ಬುಡದಲ್ಲೇ ಇದೆ. ಅಲ್ಲಿಯೂ ಇದೇ ಕಾಲದ ಒಂದು ಸಾವಿನ ಕುಣಿತ ಸುಣ್ಣದ ಕೆಳಗೆ ಮಲಗಿದ್ದು 1860ರಲ್ಲಿ ಸಿಕ್ಕಿತು. ಈಗ ಮಾಸಿ ಮಾಸಿ ನೆರಳಿನ ಹಾಗಿದೆ. ಹ್ರಸ್ತೋವ್ಲ್ಯೆಯದ್ದೂ ಇದೇ ಕತೆ, ಆದರೆ ಮಾಸಿಲ್ಲ. ಆಮೇಲಿನ ಯಾವುದೋ ಕಾಲದಲ್ಲಿ ಇಡೀ ಒಳಗೋಡೆಗೆ ಸುಣ್ಣ ಬಿತ್ತು. ಅದರ ಮೇಲೆ ಮತ್ತೊಂದು ಪದರ, ಮತ್ತೊಂದು. ಯುರೋಪಿನಲ್ಲಿ ರೋಗ ಬಂದಾಗ ಗೋಡೆಗೆ ಸುಣ್ಣ ಬಳಿಯೋದು ವಾಡಿಕೆ. ರುಚಿ ಬದಲಾಗಿ, ಈ ಬಡ ಹಳ್ಳಿ ಚಿತ್ರ ಯಾರಿಗೆ ಬೇಕು ಅನ್ನಿಸಿದಾಗಲೂ ಸುಣ್ಣವೇ ಅಗ್ಗ. ಅಜ್ಜನಿಗೆ ಗೊತ್ತಿದ್ದದ್ದು ಮೊಮ್ಮಗನಿಗೆ ಗೊತ್ತಿಲ್ಲದೆ ಹೋಗೋಕೆ ಎರಡು ತಲೆಮಾರು ಸಾಕು.

ಇದನ್ನ ಅಮ್ಮನಿಗೆ ಹೇಳಿದಾಗ ಅವರಿಗೇನೂ ಆಶ್ಚರ್ಯ ಆಗಲಿಲ್ಲ. “ಜಾತ್ರೆ ಬಂತು ಅಂದ್ರೆ ನಮ್ಮೂರಲ್ಲಿ ದೇವಸ್ಥಾನದ ಕಂಬಕ್ಕೂ ಸುಣ್ಣ ಹೊಡೀತಿದ್ದರು, ಕೆತ್ತನೆ ಎಲ್ಲ ಮುಚ್ಚಿ ಹೋಗಿತ್ತು,” ಅಂದರು. ಆಮೇಲೆ ಮೇಸ್ತ್ರಿ ಮಗಳ ಬುದ್ಧಿ ಓಡಿ, “ಚಿತ್ರ ಬರೆದದ್ದೂ ಸುಣ್ಣದ ಮೇಲೇ ತಾನೆ?” ಅಂತ ಕೇಳಿದರು. ಸರಿಯಾದ ಪ್ರಶ್ನೆ. ಫ್ರೆಸ್ಕೊ ಅಂದರೆ ಅದೇ: ಗೋಡೆಯ ಗಾರೆ ಇನ್ನೂ ಹಸಿ ಇರುವಾಗ ನೀರಿನಲ್ಲಿ ಕಲಸಿದ ಬಣ್ಣ ಹಚ್ಚೋದು. ಸುಣ್ಣ ಒಣಗುತ್ತಾ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತೆ, ಬಣ್ಣ ಆ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತೆ. ಆಮೇಲೆ ಬಳಿದ ತೆಳು ಸುಣ್ಣ ಮೇಲೆ ಹೊದಿಕೆಯಾಗಿ ಕೂರುತ್ತೆ, ಹುಷಾರಾಗಿ ಬಿಡಿಸಿದರೆ ಬಿಡುತ್ತೆ. ಮೇಣದ ಬತ್ತಿಯ ಹೊಗೆ, ಬಿಸಿಲು, ಕೆರೆಯುವ ಕೈಗಳು, ಸರಿಮಾಡ್ತೀವಿ ಅಂತ ಬರೋ ಹೊಸ ಕಲಾವಿದರು, ಇವರೆಲ್ಲರಿಂದ ಅದು ಕಾಪಾಡಿತು. ಯಾರೂ ಕಾಪಾಡಬೇಕು ಅಂತ ಬಳಿದದ್ದಲ್ಲ, ನೆನಪಿರಲಿ.

ಅಷ್ಟು ಕಾಲ ಹೊರಗಿನ ಜಗತ್ತು ಸುಮ್ಮನಿರಲಿಲ್ಲ. 1797ರಲ್ಲಿ ನೆಪೋಲಿಯನ್ ವೆನಿಸ್ ಗಣರಾಜ್ಯವನ್ನ ಮುಗಿಸಿದ. ಈ ನೆಲ ಕೊನೆಗೆ ಆಸ್ಟ್ರಿಯಾದ ಕೈಸೇರಿತು. 1910ರಲ್ಲಿ ಇಲ್ಲಿ ಹುಟ್ಟಿದ ಒಂದು ಹೆಣ್ಣುಮಗುವನ್ನು ಊಹಿಸಿಕೊಳ್ಳಿ. ಹುಟ್ಟಿದ್ದು ಚಕ್ರವರ್ತಿ ಫ್ರಾನ್ಸ್ ಯೋಸೆಫನ ಪ್ರಜೆಯಾಗಿ. ಎಂಟು ವರ್ಷಕ್ಕೆ ಇಟಲಿಯ ಸೈನ್ಯ ಬಂತು, 1920ರ ರಪಾಲ್ಲೊ ಒಪ್ಪಂದ ಅದನ್ನ ಕಾಯಂ ಮಾಡಿತು. ಮುಸೊಲಿನಿ ಕಾಲದಲ್ಲಿ ಶಾಲೆಯಿಂದ ಸ್ಲೊವೀನ್ ಭಾಷೆ ಹೋಯಿತು, ಜನರ ಹೆಸರು ಇಟಾಲಿಯನ್ ಆಯಿತು, ಊರು ಕ್ರಿಸ್ತೋಲ್ಯೆ ಆಯಿತು. 1943ರಲ್ಲಿ ಇಟಲಿ ಶರಣಾದಾಗ ಜರ್ಮನರು ಬಂದರು. 1945ರಲ್ಲಿ ಟಿಟೊನ ಪಡೆ ಬಂತು. ಕೋಪರ್ ಪಟ್ಟಣ ಯಾರಿಗೆ ಅನ್ನೋ ಜಗಳ ತೀರೋಕೆ 1954ರ ಲಂಡನ್ ಒಪ್ಪಂದ ಬೇಕಾಯಿತು, ಅಲ್ಲಿಯ ಇಟಾಲಿಯನ್ನರು ಬಹುಪಾಲು ಮನೆಮಠ ಬಿಟ್ಟು ಹೋದರು. ಅವರ ಸಂಕಟವೂ ಸಣ್ಣದಲ್ಲ. ಇವತ್ತಿಗೂ ಟ್ರಿಯೆಸ್ಟೆಯಲ್ಲಿ ಆ ಮಾತು ತೆಗೆದರೆ ಧ್ವನಿ ಏರುತ್ತೆ. 1991ರಲ್ಲಿ ಸ್ಲೊವೇನಿಯಾ ಸ್ವತಂತ್ರವಾದಾಗ ಆ ಹೆಂಗಸು ಬದುಕಿದ್ದರೆ ಎಂಬತ್ತೊಂದು ವರ್ಷ. ಮನೆ ಬದಲಿಸಿರೋದಿಲ್ಲ, ದೇಶ ಮಾತ್ರ ಬದಲಾಗ್ತಾ ಹೋಗಿರುತ್ತೆ. ಬೀದರ್, ಬಳ್ಳಾರಿ ಕಡೆಯ ಹಳಬರಿಗೆ ಇದು ಸ್ವಲ್ಪ ಅರ್ಥವಾಗುತ್ತೆ.

ಇಷ್ಟೆಲ್ಲ ಆಗುವಾಗ ಆ ಹನ್ನೊಂದು ಜನ ಸುಣ್ಣದ ಹಿಂದೆ ನಡೀತಲೇ ಇದ್ದರು.

1949ರಲ್ಲಿ ಯೋಝೆ ಪೋಹ್ಲೆನ್ ಅನ್ನೋ ಇದೇ ಊರಿನ ಹುಡುಗ ಅವರನ್ನ ಕಂಡುಹಿಡಿದ. 1926ರಲ್ಲಿ ಹುಟ್ಟಿದವನು, ಮುಂದೆ ಶಿಲ್ಪಿಯಾಗಿ ಹೆಸರು ಮಾಡಿದ. ಅವನ ವಯಸ್ಸಿನ ಲೆಕ್ಕ ಹಾಕಿ ನೋಡಿ. ಅವನು ಶಾಲೆಗೆ ಹೋದದ್ದು ಇಟಲಿಯ ಕಾಲದಲ್ಲಿ, ತನ್ನ ಭಾಷೆ ಇಲ್ಲದ ತರಗತಿಗೆ. ಅಂಥವನು ಇಪ್ಪತ್ತಮೂರನೇ ವಯಸ್ಸಿಗೆ ತನ್ನೂರಿನ ಚರ್ಚಿನ ಸುಣ್ಣದ ಕೆಳಗೆ ಕಂಡದ್ದು ಪೂರ್ವಿಕರ ಬಣ್ಣ, ಅದರ ಜೊತೆಗೆ ಅವರ ಲಿಪಿ. ತಜ್ಞರ ಸಮಿತಿ ಯಾವುದೂ ಅಲ್ಲ, ಊರಿನವನ ಕಣ್ಣು. ಆಮೇಲೆ ತಜ್ಞರು ಬಂದರು, ಪದರ ಪದರವಾಗಿ ಸುಣ್ಣ ತೆಗೆದರು. ಆಗ ಅಧಿಕಾರದಲ್ಲಿದ್ದದ್ದು ಧರ್ಮದ ಬಗ್ಗೆ ಅಷ್ಟೇನೂ ಪ್ರೀತಿಯಿಲ್ಲದ ಕಮ್ಯುನಿಸ್ಟ್ ಸರಕಾರ. ಆದರೂ ಪೋಪನೂ ರಾಜನೂ ಭಿಕ್ಷುಕನ ಜೊತೆ ಒಂದೇ ಸಾಲಿನಲ್ಲಿ ಹೋಗೋ ಚಿತ್ರ ಅವರಿಗೂ ಇಷ್ಟವಾಗಿರಬೇಕು ಅನ್ನೋದು ನನ್ನ ಊಹೆ.

ಪೋಹ್ಲೆನನ ಇನ್ನೊಂದು ಕೆಲಸವೂ ಈ ಊರಲ್ಲಿದೆ, ಪ್ರವಾಸಿಗರು ಗಮನಿಸದೆ ಹೋಗ್ತಾರೆ. ಶಾವ್ರಿಂಕಾಳ ಪ್ರತಿಮೆ. ಶಾವ್ರಿಂಕಾ ಅಂದ್ರೆ ಈ ಭಾಗದ ಮೊಟ್ಟೆ ಮಾರುವ ಹೆಂಗಸು. ಸೂಜಿ, ದಾರ, ಮೆಣಸು, ಬಟ್ಟೆ ಹೊತ್ತುಕೊಂಡು ಒಳನಾಡಿನ ಬಡ ಹಳ್ಳಿಗಳಿಗೆ ಹೋಗೋದು, ಅಲ್ಲಿ ಅದನ್ನ ಕೊಟ್ಟು ಮೊಟ್ಟೆ ತೆಗೆದುಕೊಳ್ಳೋದು, ಮೊಟ್ಟೆಯನ್ನ ಕತ್ತೆಯ ಮೇಲೆ, ಇಲ್ಲದಿದ್ದರೆ ತಮ್ಮ ತಲೆಯ ಮೇಲೆ ಹೇರಿಕೊಂಡು ಟ್ರಿಯೆಸ್ಟೆ ಪಟ್ಟಣಕ್ಕೆ ನಡೆಯೋದು. ಇಲ್ಲಿಂದ ಟ್ರಿಯೆಸ್ಟೆಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ಗಂಡಸರು ಯುದ್ಧಕ್ಕೋ ಕೂಲಿಗೋ ಹೋದಾಗ ಮನೆ ನಡೆಸಿದ್ದು ಈ ಮೊಟ್ಟೆಗಳು. ಎರಡನೇ ಮಹಾಯುದ್ಧದ ನಂತರ ಹೊಸ ಗಡಿ ನಡುವೆ ಬಂತು, ಮೊಟ್ಟೆಯ ದಾರಿ ನಿಂತಿತು. ಮಾರ್ಯಾನ್ ತೊಮ್ಶಿಚ್ ಅನ್ನೋ ಲೇಖಕ 1980ರ ದಶಕದಲ್ಲಿ ಇವರ ಬಗ್ಗೆ ಕಾದಂಬರಿ ಬರೆದ, ಅದರ ಹೆಸರೇ ‘ಶಾವ್ರಿಂಕೆ’. ನನ್ನ ಕೇಳಿದರೆ ಚರ್ಚಿನಷ್ಟೇ ಹೊತ್ತು ಈ ಪ್ರತಿಮೆಯ ಮುಂದೆಯೂ ನಿಲ್ಲಬೇಕು. ಸಾವಿನ ಕುಣಿತದ ಆ ಸಾಲಿನಲ್ಲಿ ಇರೋ ಒಂದೇ ಹೆಣ್ಣು ರಾಣಿ. ಮೊಟ್ಟೆ ಮಾರೋಳಿಗೆ ಅಲ್ಲೂ ಜಾಗ ಇರಲಿಲ್ಲ. ಅವಳ ಊರಿನ ಹುಡುಗನೇ ಆಮೇಲೆ ಮಾಡಿಕೊಟ್ಟ.

ಊರಲ್ಲಿ ಬೇರೇನಿದೆ ಅಂತ ಕೇಳಿದರೆ, ಹೆಚ್ಚೇನಿಲ್ಲ. ರೈಲು ಹಳಿ ಇದೆ: ಕೋಪರ್ ಬಂದರಿಗೆ 1967ರಲ್ಲಿ ಹಾಕಿದ ಒಂಟಿ ಹಳಿ, ಸರಕು ಗಾಡಿಗಳು ಏದುಸಿರು ಬಿಡ್ತಾ ಬಯಲಿನ ಅಂಚಿಗೆ ಏರ್ತವೆ. 2021ರಲ್ಲಿ ಎರಡನೇ ಹಳಿಯ ಕೆಲಸ ಶುರುವಾಯಿತು, ಬಹುಪಾಲು ಸುರಂಗದಲ್ಲೇ. ನಾವು ಮನೆಯಲ್ಲಿ ಬಳಸೋ ಏಷ್ಯಾದ ಎಷ್ಟೋ ಸಾಮಾನು ಈ ಬಂದರಿನಿಂದಲೇ ಆಸ್ಟ್ರಿಯಾ, ದಕ್ಷಿಣ ಜರ್ಮನಿಗೆ ಬರೋದು.

ಹೊರಡೋ ಮುಂಚೆ ಬೀಗದ ಕೈ ಹಿಡಿದಿದ್ದ ಹೆಂಗಸು ಅಮ್ಮನ ಜೊತೆ ಏನೋ ಮಾತಾಡ್ತಿದ್ದರು. ಒಬ್ಬರಿಗೆ ಕನ್ನಡ, ಒಬ್ಬರಿಗೆ ಸ್ಲೊವೀನ್; ನಡುವೆ ಕೈಸನ್ನೆ. ಹತ್ತಿರ ಹೋದೆ. ಆಕೆ ಚರ್ಚಿನ ಗೋಡೆಯಾಚೆಗಿನ ಸ್ಮಶಾನದ ಕಡೆ ಕೈ ತೋರಿಸಿ, ಎರಡು ಬೆರಳಿನಿಂದ ಉಂಗುರದ ಬೆರಳು ಮುಟ್ಟಿ ತೋರಿಸಿದರು. ಅಮ್ಮ ತಲೆಯಾಡಿಸಿ, ತಮ್ಮ ಬರೀ ಕೊರಳನ್ನ ಮುಟ್ಟಿಕೊಂಡರು. ಅಷ್ಟೇ. ಆಮೇಲೆ ಆಕೆ ತಮ್ಮ ಏಪ್ರನ್ನಿನ ಜೇಬಿಂದ ಎರಡು ಅಂಜೂರದ ಹಣ್ಣು ತೆಗೆದು ಅಮ್ಮನ ಕೈಗಿಟ್ಟರು, ಬಾಗಿಲಿಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ, ಇಳಿಜಾರಿನಲ್ಲಿ ಮನೆ ಕಡೆ ಹೋದರು.

ಕಾರಿನಲ್ಲಿ ಕೂತ ಮೇಲೆ ಅಮ್ಮ ಒಂದು ಹಣ್ಣು ಬಿಡಿಸಿ ನನಗೆ ಕೊಟ್ಟು, “ಅಪ್ಪ ಇದ್ದಿದ್ರೆ ಆ ಸಾಹುಕಾರನನ್ನ ನೋಡಿ ಎಷ್ಟು ನಗ್ತಿದ್ದರು,” ಅಂದರು.